ಡೆಕ್ಲನ್ ಅವರ ಕೋವಿ, ನನ್ನ ಸಲಹೆ

ಯಾರಾದರೂ ಸಲಹೆ ಕೇಳಿದಾಗ "ನನಗೆ ಗೊತ್ತಿಲ್ಲ" ಎನ್ನುವುದು ನನ್ನಿಂದಾಗದ ಕೆಲಸ. ಮೈಸೂರಿನಲ್ಲಿದ್ದಾಗ ದಾರಿ ಕೇಳಿದವರನ್ನು ನಾನೇ ಕಾಣದ ಬಡಾವಣೆಗಳಿಗೆ ಧೈರ್ಯವಾಗಿ ಕಳುಹಿಸಿದ್ದೇನೆ. ಯಾರೂ ವಾಪಸ್ಸು ಬಂದು ಜಗಳವಾಡಿಲ್ಲವಾದ್ದರಿಂದ ಎಲ್ಲರೂ ಸರಿಯಾಗಿಯೇ ತಲುಪಿರಬೇಕು. ಐರ್ಲೆಂಡಿಗೆ ಬಂದು ಹನ್ನೆರಡು ವರ್ಷವಾದರೂ ಈ ಚಾಳಿ ಬಿಟ್ಟಿಲ್ಲ. ಇಲ್ಲದಿದ್ದರೆ, ಈರುಳ್ಳಿ ತಿನ್ನುವುದಕ್ಕೂ ವಾರ ನೋಡುವ ಮನೆಯಲ್ಲಿ ಹುಟ್ಟಿದ ನಾನು, ಜಿಂಕೆ ಬೇಟೆಗೆ ಯಾವ ಕೋವಿ ಒಳ್ಳೆಯದು ಎಂಬ ವಿಚಾರಕ್ಕೆ ತಲೆ ಹಾಕುತ್ತಿರಲಿಲ್ಲ.

ಕೇಳಿದವರು ಡೆಕ್ಲನ್. ನಾವಿರುವ ಲೂಕನ್ ಎಂಬ ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಮ್ಮ ಒಗ್ಗರಣೆ ಅವರಿಗೆ ಕೇಳುತ್ತದೆ, ಅವರ ಸೀನು ನಮಗೆ. ಬಸ್ ಓಡಿಸಿ ನಿವೃತ್ತರಾದವರು. ಅಮೆರಿಕದಲ್ಲಿರುವ ಅವರ ಅಣ್ಣ ಬೇಟೆಗೆ ಬಾ ಎಂದು ಕರೆದಿದ್ದ. ನಳಿಕೆಯ ಬಾಯಿಂದ ಮದ್ದು, ಗುಂಡು ತುಂಬಿ ಜಡಿಯುವ ಕೋವಿಗಳಿಗೇ ಅಲ್ಲಿ ಬೇರೆ ಸೀಸನ್ ಇದೆಯಂತೆ. ಅಣ್ಣನ ಬಳಿ ಅಂಥವು ಎರಡಿದ್ದವು. ಒಂದು ಹಳೆಯ ಕಾಲದ್ದು: ಕುದುರೆ, ಅಂದರೆ ಟ್ರಿಗರ್, ಎಳೆದರೆ ಚಕಮಕಿ ಕಲ್ಲಿನ ಕಿಡಿ ಹಾರಿ, ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹತ್ತಿ, ಆಮೇಲೆ ಮನಸ್ಸಾದರೆ ಗುಂಡು ಹೊರಡುತ್ತದೆ. ಇನ್ನೊಂದು ಹೊಸ ಇನ್‌ಲೈನ್: ಕಿಡಿ ಒಳಗೊಳಗೇ ಮದ್ದಿನ ಬೆನ್ನಿಗೆ ನೇರವಾಗಿ ತಗಲುತ್ತದೆ, ಮೇಲೊಂದು ದುರ್ಬೀನು ಬೇರೆ. "ಯಾವುದು ಬೇಕು ಅಂತ ಭಾನುವಾರದೊಳಗೆ ಹೇಳ್ಬೇಕು. ನೀನು ಇಂಜಿನಿಯರ್ ಅಲ್ವಾ, ಸ್ವಲ್ಪ ನೋಡಿ ಹೇಳು" ಎಂದರು. ಅದಕ್ಕೇನಂತೆ ಎಂದುಬಿಟ್ಟೆ.

ಮನೆಯಲ್ಲಿ ಹೆಂಡತಿ ವಸುಧಾ ತಲೆ ಚಚ್ಚಿಕೊಂಡಳು. "ರೀ, ಆಯುಧಪೂಜೇಲಿ ನಾವು ಕುಂಕುಮ ಹಚ್ಚೋದು ಲ್ಯಾಪ್‌ಟಾಪಿಗೆ, ಈಳಿಗೆಮಣೆಗೆ. ನಿಮಗ್ಯಾಕ್ರೀ ಕೋವಿ ವಿಷ್ಯ? ಆ ಜಿಂಕೆ ಸತ್ರೆ ಅರ್ಧ ಪಾಪ ನಿಮ್ದೇ." ಇಲ್ಲೇ ಹುಟ್ಟಿದ ಎಂಟು ವರ್ಷದ ಮಗಳು ಪುಸ್ತಕದಿಂದ ತಲೆಯೆತ್ತದೆ, "ಜಸ್ಟ್ ಟೆಲ್ ಹಿಮ್ ಯು ಡೋಂಟ್ ನೋ, ಡ್ಯಾಡ್. ಇಟ್ಸ್ ಗ್ರ್ಯಾಂಡ್" ಎಂದಳು. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಭರ್ಜರಿಯಲ್ಲ, "ಪರವಾಗಿಲ್ಲ, ಸರಿ" ಎಂದಷ್ಟೇ. ಅಪ್ಪನ ಕಷ್ಟ ಮಕ್ಕಳಿಗೆಲ್ಲಿ ಅರ್ಥವಾಗಬೇಕು!

ಮೂರು ಸಂಜೆ ವಿಡಿಯೊ ನೋಡಿ ಅಂಕಪಟ್ಟಿ ಮಾಡಿದೆ. ಮಳೆ ತಡೆಯುವುದು, ಗುರಿ, ತೊಳೆಯುವ ಸುಲಭ, ಎಲ್ಲದರಲ್ಲೂ ಇನ್‌ಲೈನೇ ಮುಂದೆ. ಆಗ ಶುರುವಾಯಿತು ನನ್ನ ಸಂಕಟ. ನಿಜ ಹೇಳಿದರೆ ಜಿಂಕೆಯ ಪ್ರಾಣ ಹೋಗುತ್ತದೆ. ಸುಳ್ಳು ಹೇಳೋಣವೆಂದರೆ, ಮಗಳು ಹುಟ್ಟುವ ದಿನ ಮಂಜಿನಲ್ಲಿ ವಸುಧಾಳನ್ನು ಆಸ್ಪತ್ರೆಗೆ ಮುಟ್ಟಿಸಿದ ಮನುಷ್ಯನಿಗೆ ಮೋಸ. ಕೊನೆಗೆ ಪಟ್ಟಿಗೆ "ಮರದ ಹಿಡಿಯ ಅಂದ", "ಪರಂಪರೆ", "ಹೊಗೆಯ ಗಾಂಭೀರ್ಯ" ಎಂಬ ಹೊಸ ಸಾಲುಗಳನ್ನು ಸೇರಿಸಿ ಹಳೆಯ ಕೋವಿಗೆ ಧಾರಾಳವಾಗಿ ಅಂಕ ಕೊಟ್ಟೆ. ಅದು ಎರಡು ಅಂಕದಿಂದ ಗೆದ್ದಿತು. ಡೆಕ್ಲನ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಗ್ರ್ಯಾಂಡ್" ಎಂದು ಕೈ ಕುಲುಕಿದರು. ಜಿಂಕೆಯ ಮಟ್ಟಿಗೆ ಸಮಾಧಾನವಾಯಿತು. ಅವರ ಮುಖ ನೋಡಲು ಮಾತ್ರ ನಾಚಿಕೆಯಾಯಿತು.

ಎರಡು ವಾರದ ಮೇಲೆ ಅವರು ಹಿಂದಿರುಗಿದರು. ಹೆದರುತ್ತಲೇ ಹೋಗಿ ಬೇಟೆ ಹೇಗಾಯಿತೆಂದು ಕೇಳಿದೆ. "ಹತ್ತು ದಿನಾನೂ ಮಳೆ. ಎರಡು ಸಲ ಕುದುರೆ ಎಳೆದೆ, ಟಕ್ ಅಂತು, ಅಷ್ಟೇ. ಜಿಂಕೆ ನನ್ನ ಮುಖ ನೋಡ್ಕೊಂಡು ಹೊರಟೋಯ್ತು" ಎಂದರು. ನನಗೆ ತಡೆಯಲಾಗಲಿಲ್ಲ. "ಕ್ಷಮಿಸಿ, ನಾನು ಬೇಕಂತಲೇ ಹಳೇದಕ್ಕೆ ಜಾಸ್ತಿ ಅಂಕ ಕೊಟ್ಟಿದ್ದೆ" ಎಂದು ಒಪ್ಪಿಕೊಂಡೆ.

ಡೆಕ್ಲನ್ ಬಿದ್ದು ಬಿದ್ದು ನಕ್ಕರು. "ನೆಂದ ಮದ್ದು ಹತ್ತಲ್ಲ ಅಂತ ವರ್ಷವಿಡೀ ಮಳೆ ಸುರಿಯೋ ಈ ದೇಶದವನಿಗೆ ನೀನು ಹೇಳ್ಕೊಡ್ಬೇಕಾ? ನನಗೆ ಅಣ್ಣನ ಜೊತೆ ಹತ್ತು ದಿನ ಕೂತು ಮಾತಾಡೋ ಆಸೆ ಇತ್ತು, ಜಿಂಕೆ ಕೊಲ್ಲೋ ಆಸೆ ಇರ್ಲಿಲ್ಲ. ಹೊಡಿಯಲ್ಲ ಅಂದ್ರೆ ಅವನು ಬೇಜಾರು ಮಾಡ್ಕೊಳ್ತಾನೆ. ಇಂಜಿನಿಯರ್ ಆರಿಸಿಕೊಟ್ಟ ಕೋವಿ ಅಂದೆ, ಸುಮ್ಮನಾದ."

ನನಗೆ ಹಾಯೆನಿಸಿತು, ಕೊಂಚ ಜಂಭವೂ ಬಂತು. "ಈ ಬೀದೀಲಿ ಆರು ಜನ ಇಂಜಿನಿಯರ್‌ಗಳಿದ್ದೀವಿ. ನನ್ನನ್ನೇ ಯಾಕೆ ಕೇಳಿದ್ರಿ?" ಎಂದು ಹೊಗಳಿಕೆಗಾಗಿ ಕಾದು ನಿಂತೆ.

"ಅವರಲ್ಲಿ ಮಾಂಸ ತಿನ್ನದವನು ನೀನೊಬ್ಬನೇ" ಎಂದರು ಡೆಕ್ಲನ್. ಅಲ್ಲಿಗೆ, ಅವರು ನಂಬಿದ್ದು ನನ್ನ ಇಂಜಿನಿಯರಿಂಗನ್ನಲ್ಲ, ನಮ್ಮ ಮನೆಯ ಅನ್ನ-ಸಾರನ್ನು.