ಒಂದು ಹನಿ ರಕ್ತ ಬಂದಿಲ್ಲ

ಎಲ್ಲಕ್ಕೂ ಮೂಲ ಗುರುಪಾದಪ್ಪನ ಅಲ್ಲಾಡುವ ದವಡೆಹಲ್ಲು. ಮಗಳು ಉಮಾಶ್ರೀ ಗೋಕುಲ ರಸ್ತೆಯಲ್ಲಿ ಹಲ್ಲಿನ ದವಾಖಾನೆ ತೆರೆದು ಮೂರು ದಿನವಾಗಿತ್ತು. ಒಳಗೆ ಬಂದವರೆಲ್ಲ ಬೇರೆ ಯಾರದೋ ವಿಳಾಸ ಕೇಳುವವರು. ಕಡೆಗೆ ತಾಯಿ ದಾಕ್ಷಾಯಿಣಿಯೇ ಸೆರಗು ಬಿಗಿದಳು.

"ಏನ್ರಿ, ಮೊದಲನೇ ಪೇಶಂಟ್ ನಮ್ಮ ಮನ್ಯಾಗಿಂದನ ಹೋಗಬೇಕು. ಏಳ್ರಿ!"

ಆಟೋದವನು ಹಾರ್ನ್ ಹೊಡೆದದ್ದೇ ಹೊಡೆದದ್ದು. ದಾಕ್ಷಾಯಿಣಿ ಗಡಬಡಿಸಿ ಬಾಯೊರೆಸಿಕೊಳ್ಳುತ್ತ ಓಡಿಬಂದು ಹತ್ತಿದಳು. ಪಡಸಾಲೆಯ ಬೇಸಿನ್ನಿನ ನಳ ಆರು ತಿಂಗಳಿಂದ ತಟತಟ ಸೋರುತ್ತಿತ್ತು. ಅದನ್ನು ಬಿಗಿಯಲು ಅಂದೂ ಯಾರಿಗೂ ಪುರುಸೊತ್ತಾಗಲಿಲ್ಲ.

ದವಾಖಾನೆಯಲ್ಲಿ, ನೆನೆದ ಶೇಂಗಾ ಸಿಪ್ಪೆಯಿಂದ ಜಾರಿದಂತೆ ಹಲ್ಲು ಬಂತು. ಉಮಾಶ್ರೀ ಗಾಯದೊಳಗೆ ಬಿಳಿಯ ಸಣ್ಣ ತುಣುಕೊಂದನ್ನು ಒತ್ತಿದಳು. "ಇದು ಹತ್ತಿ ನಾರಿಂದ ಮಾಡಿದ್ದು. ರಕ್ತ ಹೆಪ್ಪುಗಟ್ಟಸ್ತದ, ಆಮ್ಯಾಲ ತಾನ ಕರಗಿ ಹೋಗತದ." ಮೇಲೊಂದು ಹತ್ತಿಬಟ್ಟೆಯ ಉಂಡೆ ಇಟ್ಟು ಹೇಳಿದಳು: "ಅಪ್ಪಾ, ಒಂದು ತಾಸು ಗಟ್ಟಿ ಕಚ್ಚಿ ಹಿಡೀರಿ. ಉಗುಳಬ್ಯಾಡ್ರಿ, ಮಾತಂತೂ ಆಡಲೇಬ್ಯಾಡ್ರಿ."

ಹತ್ತಿ! ದಾಕ್ಷಾಯಿಣಿಯ ಎದೆ ಉಬ್ಬಿತು. ಆಕೆಯ ತವರು ಗರಗ. ಅವಳವ್ವ ಚರಕದ ಮುಂದೆ ಕೂತು ಖಾದಿ ನೂಲು ತೆಗೆದೇ ಮಕ್ಕಳನ್ನು ಸಾಕಿದವಳು. ಅಂಥ ಅಜ್ಜಿಯ ಮೊಮ್ಮಗಳು ಇಂದು ಅದೇ ಹತ್ತಿಯಿಂದ ರಕ್ತ ನಿಲ್ಲಿಸುತ್ತಿದ್ದಾಳೆ!

ಗೋಪನಕೊಪ್ಪದ ತಮ್ಮ ಓಣಿ ಮುಟ್ಟುವಷ್ಟರಲ್ಲಿ ದಾಕ್ಷಾಯಿಣಿ ಎರಡು ಕಡೆ ಆಟೋ ನಿಲ್ಲಿಸಿ ಸುದ್ದಿ ಹೇಳಿಯಾಗಿತ್ತು. "ಒಂದು ಹನಿ ರಕ್ತ ಬಂದಿಲ್ರಿ! ನಮ್ಮ ಹತ್ತಿ, ನಮ್ಮ ಉಮಾ!" ಬಾಯಿ ಬಿಗಿದ ಗುರುಪಾದಪ್ಪ ಮೆರವಣಿಗೆಯ ಮೂರ್ತಿಯಂತೆ ಕೂತಿದ್ದ.

ನೋಡಲು ಎದುರುಮನೆಯ ಉಡಚಪ್ಪ ಕಾಕಾ ಬಂದ, ಪಕ್ಕದ ಶಹಜಹಾನಬೇಗಂ ಬಂದಳು. ಕಾಕಾ ಕೈ ತೊಳೆಯಲು ಬೇಸಿನ್ನಿಗೆ ಹೋದವನು ಚೀರಿದ.

"ಅಯ್ಯಯ್ಯ, ಇಲ್ಲಿ ನೋಡ್ರಿ! ಬರೇ ರಕ್ತ!"

ಬೇಸಿನ್ ತುಂಬ ಕೆಂಪು. ನಳದ ಹನಿ ಬಿದ್ದು ಬಿದ್ದು ಆಗಷ್ಟೇ ಸುರಿದಂತೆ ಹಸಿಯಾಗಿ ಹರಡಿತ್ತು. ದಾಕ್ಷಾಯಿಣಿ ಗಂಡನತ್ತ ತಿರುಗಿದಳು. "ಯಾವಾಗ ಉಗುಳಿದ್ರಿ? ಉಗುಳಬ್ಯಾಡ್ರಿ ಅಂದಿದ್ಲಲ್ಲ!"

ಗುರುಪಾದಪ್ಪ ಎರಡೂ ಕೈ ಆಡಿಸಿದ. ಬೇಸಿನ್ ತೋರಿಸಿದ, ಹೆಂಡತಿಯ ಬಾಯಿ ತೋರಿಸಿದ. ಆಮೇಲೆ ಎಡ ಅಂಗೈ ಚಾಚಿ, ಬಲಗೈ ಬೆರಳಿಂದ ಅದರ ಮೇಲೆ ಏನೋ ಸವರಿದ.

"ವಿಭೂತಿ ಕೇಳಾಕತ್ತಾನಲ್ಲವಾ!" ಕಾಕಾ ಕೈಮುಗಿದ. "ಕಡೀ ಆಸೆ ಇರಬೇಕು."

ಶಹಜಹಾನಬೇಗಂ ಗಂಡ ದಾಡಿ ಮಾಡಿಕೊಂಡ ಮೇಲೆ ಸವರಿಕೊಳ್ಳುವ ಪಟಿಕ ತಂದಳು. "ಅಕ್ಕಾರ, ಇದನ್ನ ಒತ್ರಿ. ರಕ್ತ ಗಪ್ಪನ ನಿಲ್ಲತದ." ಕಾಕಾ ಕಸಬರಿಗೆಯಿಂದ ಮಾಳಿಗೆ ಮೂಲೆಯ ಜೇಡರ ಬಲೆ ಎಳೆದು ತಂದ, ಜೇಡ ಸಮೇತ. "ಹಿಂದಕ ನಮ್ಮಜ್ಜನ ಕಾಲಿಗೆ ಇದನ್ನ ಹಾಕಿದ್ರು. ಬಾಯಿ ತಗಿಯೋ ಗುರುಪಾದ!" ಗುರುಪಾದಪ್ಪ ದವಡೆ ಇನ್ನೂ ಬಿಗಿದು ಮಂಚದ ಆಚೆ ಹಾರಿದ.

"ಯಾರೂ ಮುಟ್ಟಬ್ಯಾಡ್ರಿ! ನಮ್ಮ ಉಮಾ ಇಟ್ಟ ಹತ್ತಿ ಅದ!" ದಾಕ್ಷಾಯಿಣಿ ಅಡ್ಡ ನಿಂತಳು.

"ಹತ್ತಿ ಹಾಕಿದ್ರೂ ಹಿಂಗಾತಲ್ರಿ," ಶಹಜಹಾನಬೇಗಂ ಮೆಲ್ಲಗೆ ಅಂದಳು. "ನಾಳೆ ನಮ್ಮ ನಾದಿನೀನ್ನ ಉಮಾ ಕಡೆ ಕಳಸೋಣಂತ ಮಾಡಿದ್ವಿ. ನೋಡೋಣ್ರಿ, ಮುಂದ ಯಾವಾಗರ..."

ಪಟಿಕಕ್ಕಿಂತ ಈ ಮಾತು ದಾಕ್ಷಾಯಿಣಿಗೆ ಒಗರೆನಿಸಿತು. ಸಂಜೆಯೊಳಗೆ ಊರೆಲ್ಲ ಹೇಳುತ್ತದೆ: ಅಪ್ಪನ ರಕ್ತವನ್ನೇ ನಿಲ್ಲಿಸಲಾಗದ ಡಾಕ್ಟರು. ಮಗಳಿಗೆ ಫೋನ್ ಹಚ್ಚಿದಳು.

ಉಮಾಶ್ರೀ ಸ್ಕೂಟರಿನಲ್ಲಿ ಧಾವಿಸಿ ಬಂದಳು. ಉಂಡೆ ತೆಗೆದು, ಬ್ಯಾಟರಿ ಹಾಕಿ, ಎಲ್ಲರನ್ನೂ ಕರೆದು ತೋರಿಸಿದಳು. "ನೋಡ್ರಿ. ಗಾಯ ಛಲೋ ಹೆಪ್ಪುಗಟ್ಟೇದ. ಒಂದು ಹನಿ ಇಲ್ಲ."

"ಹಂಗಾದ್ರ ಅದು ಯಾರ ರಕ್ತ?" ಕಾಕಾ ಬೇಸಿನ್ ಬಿಡಲೊಲ್ಲ.

"ತಾಸಾತಲ್ಲ, ನಾ ಈಗ ಮಾತಾಡಬಹುದೇನವಾ?" ಗುರುಪಾದಪ್ಪ ಮಗಳನ್ನು ಕೇಳಿದ. ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು.

ದಾಕ್ಷಾಯಿಣಿ ಬೇಸಿನ್ನಿಗೆ ಬಗ್ಗಿದಳು. ಕೆಂಪಿನ ನಡುವೆ, ಜಾಲರಿಗೆ ಸಿಕ್ಕಿಕೊಂಡು, ಒಂದು ಅಡಿಕೆ ಚೂರು. ಮುಂಜಾನೆಯ ಆಟೋ, ಆ ಹಾರ್ನು, ತನ್ನ ಗಡಿಬಿಡಿ ಎಲ್ಲ ಒಮ್ಮೆಲೇ ನೆನಪಾಯಿತು. ಸುಮ್ಮನಿದ್ದರೆ ಮಗಳ ಹೆಸರು ಹೋಗುತ್ತದೆ. ಬಾಯಿಬಿಟ್ಟರೆ ತನ್ನದು.

ನೆಟ್ಟಗೆ ಅಡುಗೆಮನೆಗೆ ಹೋಗಿ, ರವೆ ಡಬ್ಬಿಯ ತಳದಿಂದ ಎಲೆ ಅಡಿಕೆಯ ಚಂಚಿ ತೆಗೆದು ತಂದು ಎಲ್ಲರ ಮುಂದೆ ಇಟ್ಟಳು.

"ರಕ್ತ ಅಲ್ರಿ ಅದು. ನಂದು. ಎಲಿ ಅಡಿಕಿ. ನನ್ನ ಮಗಳ ಕೈಯಾಗ ಒಂದು ಹನಿ ರಕ್ತ ಬಂದಿಲ್ಲ, ಖರೇನ ಬಂದಿಲ್ಲ!"

"ಸುಣ್ಣ ಸವರಿ ತೋರಿಸಿದ್ರ ವಿಭೂತಿ ಅಂತೀರಿ," ಗುರುಪಾದಪ್ಪ ಗೊಣಗಿದ.

ನಕ್ಕು ನಕ್ಕು ಶಹಜಹಾನಬೇಗಂಳ ಕಣ್ಣಲ್ಲಿ ನೀರು ಬಂತು. "ನಾದಿನೀನ್ನ ನಾಳೆನ ಕಳಸ್ತೇನಿ ಉಮಾ!" ಕಾಕಾ ತನ್ನದೂ ಒಂದು ನೋಯುವ ಹಲ್ಲು ಮುಟ್ಟಿ ತೋರಿಸಿದ. ದಾಕ್ಷಾಯಿಣಿಯ ಎದೆ ಮತ್ತೆ ಉಬ್ಬಿತು.

"ಯವ್ವಾ," ಉಮಾಶ್ರೀ ಕುರ್ಚಿ ಎಳೆದಳು. "ಎರಡು ವರ್ಷದ ಹಿಂದ ಬಿಟ್ಟೇನಿ ಅಂತ ನನ್ನ ತಲಿ ಮುಟ್ಟಿ ಆಣಿ ಮಾಡಿದ್ದಿ. ಕೂಡು. ಬಾಯಿ ತಗಿ."

ಬ್ಯಾಟರಿಯ ಬೆಳಕು ಒಳಗೆಲ್ಲ ಸುತ್ತಾಡಿ ಬಂತು. "ದವಡಿ ಹಲ್ಲು ಎರಡು ಪೂರ್ತಿ ಹುಳುಕು. ಕೀಳಲೇಬೇಕು. ನಾಳೆ ಮೊದಲನೇ ನಂಬರ್ ನಿಂದು."

ಗುರುಪಾದಪ್ಪ ಮಗಳ ಪೆಟ್ಟಿಗೆಯಿಂದ ಒಂದು ಹೊಸ ಉಂಡೆ ಆರಿಸಿ, ಭಕ್ತಿಯಿಂದ ಹೆಂಡತಿಯ ಅಂಗೈಯಲ್ಲಿಟ್ಟ.

"ತಗೋ, ನಿಮ್ಮ ಹತ್ತಿ. ನಾಳೆ ಮನಿಗೆ ಬರೂತನ ಎಲ್ಲೂ ಆಟೋ ನಿಲ್ಲಸಬ್ಯಾಡ."