ತಟ್ಟೆ ಹಿಡಿಯುವ ಕರ್ತವ್ಯ

ಮಹಿಳೆ ಎಂಬ ಕಾರಣಕ್ಕೆ ಯಾವ ಸಿಬ್ಬಂದಿಗೂ ಯಾವ ಕೆಲಸವನ್ನೂ ಹಚ್ಚತಕ್ಕದ್ದಲ್ಲ, ಯಾವ ಕೆಲಸವನ್ನೂ ತಪ್ಪಿಸತಕ್ಕದ್ದಲ್ಲ. ಆಳಂದ ತಾಲ್ಲೂಕಿನ ಗಡಿ ಕಡೆಯ ಪೊಲೀಸ್ ಠಾಣೆಯೊಂದರ ಗೋಡೆಯ ಮೇಲೆ ಈ ನಿಯಮವನ್ನು ಬರೆಸಲಾಗಿದೆ. ಬರೆದ ಪೇಂಟರನಿಗೆ ಚಹಾ ತಂದುಕೊಟ್ಟವಳು ಕಾನ್‌ಸ್ಟೆಬಲ್ ಮಸರತ. ಠಾಣೆಯಲ್ಲಿ ಹೆಣ್ಣುಮಗಳು ಆಕೆಯೊಬ್ಬಳೇ.

ಮಸರತಳಿಗೆ ಹಿರೋಳ್ಳಿ ಬೀಟ್ ಬೇಕಾಗಿತ್ತು. ಬೀಟ್ ಅಂದರೆ ಬೈಕು, ಊರೂರು ತಿರುಗಾಟ, ಜನರ ತಕರಾರು; ಒಟ್ಟಿನಲ್ಲಿ ಪೊಲೀಸರ ಕೆಲಸ. ಆದರೆ ಅತಿಥಿಗಳು ಬಂದಾಗ ಶಾಲು-ಹಾರದ ತಟ್ಟೆ ಹಿಡಿದು ನಿಲ್ಲುವುದು ಆಕೆಯ ಕರ್ತವ್ಯ. ಆಕೆ ಬೀಟಿಗೆ ಹೋದರೆ ತಟ್ಟೆಯ ಗತಿಯೇನು?

ಅಷ್ಟರಲ್ಲಿ ಸಮಾನತಾ ಸಪ್ತಾಹ ಬಂತು. ಮಹಿಳೆಯೊಬ್ಬರಿಗೆ ಬೀಟ್ ವಹಿಸಿ, ಬೈಕಿನ ಚಾವಿಯನ್ನು ಸಭೆಯಲ್ಲಿ ಹಸ್ತಾಂತರಿಸತಕ್ಕದ್ದೆಂದು ಮೇಲಿನಿಂದ ಆದೇಶ. ಮಸರತ ಅವಿರೋಧವಾಗಿ ಆಯ್ಕೆಯಾದಳು. ಆಗ ತೊಡಕು ಕಂಡಿತು. ಚಾವಿ ತಟ್ಟೆಯಲ್ಲಿ ಬರಬೇಕು. ತಟ್ಟೆ ಹಿಡಿಯುವವಳೂ ಆಕೆಯೇ.

"ತಾಟ ಮುಕ್ರಮ ಹಿಡೀಲಿ ತಗೋರಿ," ಅಂದಳು ಮಸರತ.

"ಈ ಮೀಸಿ ಇಟಗೊಂಡು ತಾಟ ಹಿಡೀಲೇನಕ್ಕಾ?" ಎಂದ ಕಾನ್‌ಸ್ಟೆಬಲ್ ಮುಕ್ರಮ. "ಹೆಣ್ಣಿನ ಕಡಿಯವರು ನೋಡಿದ್ರ ನನ್ನ ನಿಕಾನೇ ನಿಂತೋಗ್ತದ."

ಇನ್‌ಸ್ಪೆಕ್ಟರ್ ವ್ಯಂಕಟೇಶ ಸಮಾನತಾ ಸಮಿತಿಯ ಸಭೆ ಕರೆದರು. ಮಸರತ ಚಹಾ ತರುವುದರೊಳಗೆ ತೀರ್ಮಾನವಾಗಿತ್ತು: ಮಹಿಳೆಯರ ಪರವಾಗಿ ಮುಕ್ರಮ ಚಾವಿ ಸ್ವೀಕರಿಸತಕ್ಕದ್ದು, ಸ್ವೀಕರಿಸಿದವನೇ ಬೀಟಿಗೆ ಹೋಗತಕ್ಕದ್ದು.

"ಬೀಟ್ ನಿಂದೇ ಅವ್ವ," ಎಂದರು ಸಾಹೇಬರು. "ಹೆಸರು ನಿಂದು, ತಿರುಗಾಟ ಅವಂದು. ಬಿಸಲಾಗ ನಿನಗ್ಯಾಕ ತ್ರಾಸು?"

"ತ್ರಾಸು ನಾನೇ ಕೇಳೀನ್ರಿ."

"ಕೇಳೀದಿ. ಅದಕ್ಕೇ ಮಂಜೂರ ಮಾಡೀವಿ."

ಸಭೆ ಕೂಡಿತು. ಮುಖ್ಯ ಅತಿಥಿಗಳು ಸ್ತ್ರೀಶಕ್ತಿಯ ಬಗ್ಗೆ ದೀರ್ಘವಾಗಿ ಮಾತಾಡಿದರು. ಮಸರತ ತಟ್ಟೆ ಹಿಡಿದು ನಿಂತಿದ್ದಳು; ಅದರಲ್ಲಿ ಚಾವಿ, ಪಕ್ಕಕ್ಕೆ ಹಾರ.

"ಈಗ ನಮ್ಮ ಠಾಣೆಯ ಪ್ರಥಮ ಮಹಿಳಾ ಬೀಟ್ ಪೊಲೀಸ್ ಶ್ರೀ ಮುಕ್ರಮ ಅವರು ವೇದಿಕೆಗೆ ಬರಬೇಕು," ಎಂದು ಮೈಕಿನಲ್ಲಿ ಕರೆದರು. ಯಾರೂ ನಗಲಿಲ್ಲ. ಚಪ್ಪಾಳೆ ಬಿತ್ತು. ಮುಕ್ರಮ ಮೀಸೆ ತೀಡಿಕೊಂಡು ಎದ್ದ.

"ಒಂದ್ ನಿಮಿಷ ಹಿಡೀರಿ ಸಾಹೇಬ್ರ," ಎಂದು ಮಸರತ ತಟ್ಟೆ ಚಾಚಿದಳು. ಕೈಗೆ ಬಂದದ್ದನ್ನು ಬೇಡವೆನ್ನುವ ರೂಢಿ ಸಾಹೇಬರಿಗೆ ಇರಲಿಲ್ಲ. ಹಿಡಿದರು. ಮುಖ್ಯ ಅತಿಥಿಗಳು ಅವರ ತಟ್ಟೆಯಿಂದಲೇ ಹಾರವೆತ್ತಿ ಮುಕ್ರಮನಿಗೆ ಹಾಕಿದರು. ಮತ್ತೆ ಚಪ್ಪಾಳೆ. ಕಾರ್ಯಕ್ರಮಕ್ಕೆ ಯಾವ ಲೋಪವೂ ಆಗಲಿಲ್ಲ.

ಅಷ್ಟರಲ್ಲಿ ಮಸರತ ಚಾವಿ ತಗೊಂಡು ವೇದಿಕೆ ಇಳಿದು, ಬೈಕು ಚಾಲೂ ಮಾಡಿ, ಹಿರೋಳ್ಳಿ ದಾರಿ ಹಿಡಿದಿದ್ದಳು.