ಅರ್ಧ ನಿಮಿಷದ ಕತ್ತಲು

"ಮೇಷ್ಟ್ರೇ, ನಿಮ್ಮನೆ ದೀಪ ರಾತ್ರಿ ಎಷ್ಟು ಹೊತ್ತಿಗೆ ಆರಿಸ್ತೀರಿ?"

ಅಂಚೆ ಕಚೇರಿಯ ಗುಮಾಸ್ತ ಬೆಳಿಗ್ಗೆ ಗೇಟಿನ ಬಳಿ ನಿಂತು ಹೀಗೆ ಕೇಳಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಮುಖದ ಮುಂದಿದ್ದ ಪೇಪರ್ ಮೆಲ್ಲಗೆ ಕೆಳಗಿಳಿಯಿತು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದು ಹಿಡಿದು ಪಳಗಿದ ಕಣ್ಣುಗಳು ಅವು.

"ಯಾಕೆ?"

"ಸುಮ್ನೆ ಕೇಳ್ದೆ. ಎದುರುಮನೆ ನರ್ಸಮ್ಮಂಗೆ ಇವತ್ತು ರಾತ್ರಿ ಡ್ಯೂಟಿ ಇದ್ಯಾ? ಅವರ ವರಾಂಡದ ಲೈಟು ಬಹಳ ತೊಂದರೆ ಕೊಡುತ್ತೆ."

"ಯಾರಿಗೆ?"

"ನನ್ನ ಕೆಲಸಕ್ಕೆ."

ಪಾಪ, ಹೇಳಿದ್ದೆಲ್ಲ ನಿಜವೇ. ಯಾವ ಕೆಲಸ ಎಂಬುದನ್ನು ಮಾತ್ರ ಹೇಳಲಿಲ್ಲ. ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡು ರಾತ್ರಿಯ ಫೋಟೋ ತೆಗೆಯಲು ಕಲಿಯುತ್ತಿದ್ದ. ಇದುವರೆಗೆ ತೆಗೆದದ್ದೆಲ್ಲ ಕಾಡಿಗೆ ಡಬ್ಬಿಯಂತೆ ಬಂದು ಕಚೇರಿಯಲ್ಲಿ ನಗೆಪಾಟಲಾಗಿದ್ದರಿಂದ, ಒಂದಾದರೂ ಚೆನ್ನಾಗಿ ಬರುವ ತನಕ ಬಾಯಿ ಬಿಡಬಾರದೆಂದು ನಿಶ್ಚಯಿಸಿದ್ದ. ಕ್ಯಾಮೆರಾದ ಕಣ್ಣು ಅರ್ಧ ನಿಮಿಷ ತೆರೆದಿರಬೇಕು, ಸುತ್ತ ದೀಪ ಇರಕೂಡದು, ಟಾರ್ಚಿಗೂ ಕೆಂಪು ಕಾಗದ ಸುತ್ತಿರಬೇಕು, ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಬೇಕು ಎಂದು ಸ್ಟುಡಿಯೋದವನು ಪಾಠ ಹೇಳಿದ್ದ. ಬೀದಿಯ ಕಂಬದ ದೀಪ ತಾನಾಗಿಯೇ ಕೆಟ್ಟು ಉಪಕಾರ ಮಾಡಿತ್ತು. ಉಳಿದದ್ದು ಮನೆಗಳ ದೀಪ.

ಹೆಂಡತಿಯ ಎಚ್ಚರಿಕೆ ಬೇರೆ ಇತ್ತು. "ಇವತ್ತೂ ಒಂದು ನೆಟ್ಟಗಿರೋ ಫೋಟೋ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ನನ್ನ ತಮ್ಮನಿಗೆ. ಅವನಿಗಾದ್ರೂ ಉಪಯೋಗಕ್ಕೆ ಬರುತ್ತೆ." ಆ ಭಾವಮೈದುನ ಹಿಂದೊಮ್ಮೆ ಗುಮಾಸ್ತನ ಸೈಕಲ್ಲನ್ನೂ ಹೀಗೇ ಉಪಯೋಗಿಸಿ ಮುಗಿಸಿದ್ದ.

ಮಧ್ಯಾಹ್ನ ಊಟಕ್ಕೆ ಬಂದವನು ಊಟ ಬಿಟ್ಟು ಬೀದಿಗಿಳಿದ. ಒಂದು ಕಣ್ಣು ಮುಚ್ಚಿ, ಬೆರಳುಗಳಲ್ಲಿ ಚೌಕ ಮಾಡಿ, ಒಂದೊಂದೇ ಮನೆಯನ್ನು ಅದರೊಳಗೆ ಕೂರಿಸಿ ನೋಡಿದ. ಫೋಟೋದಲ್ಲಿ ಎಷ್ಟು ಕಾಣುತ್ತದೋ ಎಂದು ನರ್ಸಮ್ಮನ ಬಿಳಿ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತು, ಅದು ತನ್ನ ಹೆಗಲಿಗೆ ಬರುವುದನ್ನು ಗುರುತು ಮಾಡಿಕೊಂಡ. ಕಿಟಕಿಯ ಪರದೆ ಅಲುಗಿತು.

"ಏನ್ರೀ, ನಮ್ಮ ಗೋಡೆ ಹತ್ತಿದ್ರಾ?"

"ಹತ್ತಲಿಲ್ಲಮ್ಮ! ಎಷ್ಟು ಎತ್ತರ ಅಂತ ನೋಡ್ದೆ ಅಷ್ಟೆ."

ಸಂಜೆಗೆ ನರ್ಸಮ್ಮ ಹೊಸ ಬೀಗ ತಂದಳು. ಮೇಷ್ಟ್ರು ಅದಕ್ಕಿಂತ ದೊಡ್ಡದು ತಂದರು. ಅದನ್ನು ನೋಡಿದ ಉಳಿದವರೂ ಅಂಗಡಿಗೆ ಓಡಿದರು. ಕತ್ತಲಾಗುತ್ತಿದ್ದಂತೆ ಎಲ್ಲರೂ ಒಟ್ಟಾಗಿ ಗುಮಾಸ್ತನ ಬಾಗಿಲು ಬಡಿದರು. ಬಾಗಿಲು ತೆರೆದವನ ಮೈಮೇಲೆ ಕಪ್ಪು ಸ್ವೆಟರ್, ಹಣೆಯ ಮೇಲೆ ಕೆಂಪು ಕಾಗದ ಸುತ್ತಿದ ಟಾರ್ಚು.

"ಸಿಕ್ಕಿಬಿದ್ದ!" ಎಂದರು ಮೇಷ್ಟ್ರು.

ಗುಮಾಸ್ತನಿಗೆ ಅಳು ಬಂದಂತಾಯಿತು. ಬೇರೆ ದಾರಿ ಕಾಣದೆ ಕ್ಯಾಮೆರಾ ತಂದು, ರಾತ್ರಿಯ ಫೋಟೋಗೆ ಅರ್ಧ ನಿಮಿಷ ಕತ್ತಲು ಬೇಕೆಂದು ಹೇಳಿ, ನಾಚಿಕೆ ಬಿಟ್ಟು ಹಳೆಯ ಫೋಟೋಗಳನ್ನೆಲ್ಲ ತೋರಿಸಿದ. ಒಂದು ಪೂರ್ತಿ ಕಪ್ಪು. ಇನ್ನೊಂದೂ ಕಪ್ಪು. ಮತ್ತೊಂದರಲ್ಲಿ ಅವನದೇ ಹೆಬ್ಬೆರಳು.

ಮೇಷ್ಟ್ರು ಕನ್ನಡಕ ಏರಿಸಿ ಪರಿಶೀಲಿಸಿದರು. "ಇವನು ಕಳ್ಳ ಅಲ್ಲಪ್ಪ. ಹೆಬ್ಬೆರಳು ಎಲ್ಲಿಡ್ಬೇಕು ಅಂತ ಗೊತ್ತಿಲ್ಲದೋನು ಬೀಗ ಹೇಗೆ ತೆಗೀತಾನೆ?"

ಅಷ್ಟಾದರೂ ನರ್ಸಮ್ಮನ ಸಂಶಯ ಪೂರ್ತಿ ಹೋಗಲಿಲ್ಲ. "ದೀಪ ಆರಿಸ್ತೀವಿ. ಆದ್ರೆ ಫೋಟೋ ಮುಗಿಯೋ ತನಕ ನಾವೆಲ್ಲ ನಿಮ್ಮ ಟೆರೇಸ್ ಮೇಲೇ ಇರ್ತೀವಿ. ನಿಮ್ಮ ಮೇಲೆ ಒಂದು ಕಣ್ಣಿರ್ಲಿ."

ಎಲ್ಲರೂ ದೀಪ ಆರಿಸಿ, ಹೊಸ ಬೀಗ ಜಡಿದು, ಎರಡೆರಡು ಸಲ ಜಗ್ಗಿ ನೋಡಿ ಮೇಲೆ ಬಂದರು. ಹೆಂಡತಿಯೂ ಬಂದಳು. ಬಾಗಿಲಿಗೆ ಬೀಗ ಹಾಕಿಲ್ಲವೇ ಎಂದು ಯಾರೋ ಕೇಳಿದರೆ ನಕ್ಕುಬಿಟ್ಟಳು. "ಇಡೀ ಬೀದಿನೇ ನಮ್ಮ ತಲೆ ಮೇಲೆ ನಿಂತಿದೆ. ಬೀಗ ಯಾಕೆ?"

ಗುಮಾಸ್ತ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಅವನು ಬೀದಿಯಾಚೆಯ ಬೆಟ್ಟವನ್ನೇ ನೋಡುತ್ತಿದ್ದ. ಉಳಿದವರೆಲ್ಲ ಅವನನ್ನೇ ನೋಡುತ್ತಿದ್ದರು.

ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಫೋಟೋ ಮೂಡಿತು. ದೂರದಲ್ಲಿ ಬೆಟ್ಟ, ಅದರ ಮೇಲೆ ಉಪ್ಪು ಚೆಲ್ಲಿದ ಹಾಗೆ ನಕ್ಷತ್ರಗಳು, ಕೆಳಗೆ ಖಾಲಿ ಬೀದಿ. ಮೇಷ್ಟ್ರು ಬೆನ್ನು ತಟ್ಟಿದರು. ಹೆಂಡತಿ ಬಹಳ ಹೊತ್ತು ನೋಡಿ, "ಪರವಾಗಿಲ್ಲ ರೀ, ಕ್ಯಾಮೆರಾ ಇಲ್ಲೇ ಇರ್ಲಿ" ಎಂದಳು. ಗುಮಾಸ್ತನಿಗೆ ಮದುವೆಯಾದ ಮೇಲೆ ಇಷ್ಟು ಸಂತೋಷವಾದದ್ದು ಇದೇ ಮೊದಲು.

ಎಲ್ಲರಿಗೂ ಕಾಫಿ ಮಾಡಲೆಂದು ಅವಳು ಕೆಳಗಿಳಿದಳು. ಮರುಕ್ಷಣವೇ ಕಿರುಚಿದಳು. ಟಿವಿ ಮಾಯವಾಗಿತ್ತು.

ಪೊಲೀಸಿನವನು ಬಂದು ಎಲ್ಲ ಕೇಳಿಕೊಂಡು, ಫೋಟೋವನ್ನು ದೊಡ್ಡದು ಮಾಡಿ ನೋಡಿದ. "ಗೋಡೆ ಮೇಲೆ ಇದೇನು?"

ನರ್ಸಮ್ಮನ ಬಿಳಿ ಗೋಡೆಯ ಮೇಲೆ, ನಕ್ಷತ್ರಗಳ ಕೆಳಗೆ, ಗುಮಾಸ್ತನ ಟಿವಿ ಸ್ಪಷ್ಟವಾಗಿ ಕೂತಿತ್ತು.

"ಕಳ್ಳ ಎಲ್ಲಿ?"

"ಓಡಾಡೋರು ಇದ್ರಲ್ಲಿ ಬೀಳಲ್ಲ ಸಾರ್. ಅರ್ಧ ನಿಮಿಷ ಅಲ್ಲಾಡದೆ ಇರೋದು ಮಾತ್ರ ಬೀಳುತ್ತೆ."

"ಟಿವಿ ಅಲ್ಲಿಟ್ಟು ಅವನು ಎಲ್ಲಿಗೆ ಹೋಗಿದ್ದ?"

ಒಳಗಿನಿಂದ ಹೆಂಡತಿಯ ದನಿ ಕೇಳಿತು. "ರೀ, ರಿಮೋಟೂ ಇಲ್ಲ!"

ಪೊಲೀಸಿನವನು ಸುತ್ತ ನಿಂತವರ ಕಡೆ ತಿರುಗಿದ. "ಮನೆಗಳ ದೀಪ ಎಲ್ಲ ಆರಿಸೋಕೆ ಹೇಳಿದ್ದು ಯಾರು?"

ಅಷ್ಟೂ ಬೆರಳುಗಳು ಗುಮಾಸ್ತನ ಕಡೆ ತಿರುಗಿದವು. "ಗೋಡೆ ಎತ್ತರ ನೋಡಿದ್ದೂ ಇವರೇ" ಎಂದು ನರ್ಸಮ್ಮ ಸೇರಿಸಿದಳು.

"ಸಾಕ್ಷಿಗೆ ಬೇಕು" ಎಂದು ಪೊಲೀಸಿನವನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡ.

"ಯಾವಾಗ ವಾಪಸ್ ಕೊಡ್ತೀರಿ ಸಾರ್?"

"ಕಳ್ಳ ಸಿಕ್ಕ ಮೇಲೆ. ಊರು ಬಿಟ್ಟು ಎಲ್ಲೂ ಹೋಗ್ಬೇಡಿ."

ಗುಮಾಸ್ತ ಖಾಲಿ ಮುಕ್ಕಾಲಿಯನ್ನು ತಬ್ಬಿಕೊಂಡು ನಿಂತ. ಹೆಂಡತಿ ಟಿವಿಯಿದ್ದ ಜಾಗವನ್ನೂ ಗಂಡನನ್ನೂ ಒಮ್ಮೆ ನೋಡಿದಳು.

"ಒಂದು ನೆಟ್ಟಗಿರೋ ಫೋಟೋ ತೆಗೀರಿ ಅಂದೆ. ನಮ್ಮ ಟಿವಿ ಹೋಗ್ತಿರೋದನ್ನೇ ತೆಗೀಬೇಕಿತ್ತಾ?"